ತಿದಿ ಒತ್ತುವ ಕೈ

ಚಿನ್ನ ಅಡವಿಡಲು ಬಂದಿದ್ದ ನೆರೆಮನೆಯ ಹಿರಿಯರು ರಸೀದಿಗೆ ಸಹಿ ಹಾಕುತ್ತ, "ಭಟ್ಟರೇ, ಪ್ಲಸ್ ಟು ಆಯಿತಲ್ಲ, ಮಗಳನ್ನು ಇನ್ನು ಯಾವುದಕ್ಕೆ ಸೇರಿಸುತ್ತೀರಿ?" ಎಂದು ಕೇಳಿದರು. ನಾನು ಸಹಕಾರಿ ಬ್ಯಾಂಕಿನ ಕೌಂಟರಿನ ಒಳಗಿದ್ದೆ. "ಪಿಯಾನೊ ಕಲಿಯುತ್ತಾಳಂತೆ, ಅದರಲ್ಲೇ ಪದವಿ ಮಾಡುತ್ತಾಳಂತೆ" ಎಂದೆ. ಅವರ ಪೆನ್ನು ನಿಂತಿತು. "ಅದಕ್ಕೂ ಪದವಿ ಇದೆಯೇ? ಫೇಲಾದವರು ಏನು ಮಾಡುತ್ತಾರೆ?"

ಆ ದಿನ ನಕ್ಕು ಸುಮ್ಮನಾದೆ. ನಿಜ ಹೇಳಬೇಕೆಂದರೆ ಅವರ ಎರಡೂ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡುವುದು ಯಾವಾಗ, ಸಾಲದ ಬಡ್ಡಿ ಲೆಕ್ಕ ಹಾಕುವುದು ಹೇಗೆ ಎಂದು ಕೇಳಿದರೆ ಹೇಳುವವನು ನಾನು. ಪಿಯಾನೊ ಕಾಲೇಜನ್ನು ಆರಿಸುವುದು ಹೇಗೆಂದು ಕಾಸರಗೋಡಿನ ನಮ್ಮ ಬದಿಯಡ್ಕದ ಸುತ್ತ ಹತ್ತು ಮೈಲಿಯಲ್ಲಿ ಕೇಳಲು ಯಾರೂ ಸಿಗಲಿಲ್ಲ. ಮುಂದೆ ಇನ್ನೊಬ್ಬ ತಂದೆಯೋ ತಾಯಿಯೋ ನನ್ನ ಹಾಗೆ ಕೌಂಟರಿನ ಹಿಂದೆ ಬೆಪ್ಪಾಗಿ ನಿಲ್ಲಬಾರದು ಎನ್ನುವ ಕಾರಣಕ್ಕೆ, ಸುಮಾರು ಒಂದು ವರ್ಷ ನಾವು ಅಪ್ಪ ಮಗಳು ಅಲೆದ ಕಥೆಯನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಸಂಗೀತವೆಂದರೆ ನನ್ನ ಅಪ್ಪನ ಹಾರ್ಮೋನಿಯಂ. ಊರಿನ ಭಜನಾ ಮಂದಿರದಲ್ಲಿ ಶನಿವಾರ ಸಂಜೆ ಅವರೇ ಪೆಟ್ಟಿಗೆಯ ಮುಂದೆ ಕೂರುವುದು. ಯಕ್ಷಗಾನದ ಹುಚ್ಚು ಬೇರೆ. ಯಾವ ಭಾಗವತರ ಶ್ರುತಿ ಕಪ್ಪು ಎರಡು, ಯಾರದು ಬಿಳಿ ಐದು ಎಂದು ಇಂದಿಗೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾರೆ. ಮಗಳು ಮೂರು ವರ್ಷದವಳಿದ್ದಾಗ ಅಜ್ಜನ ತೊಡೆಯ ಮೇಲೆ ಕೂರುತ್ತಿದ್ದಳು. ಅಜ್ಜ ಗಾಳಿಯ ತಿದಿ ಒತ್ತುತ್ತಿದ್ದರು, ಮೊಮ್ಮಗಳು ಮನೆಗಳನ್ನು, ಅಂದರೆ ಕಪ್ಪು ಬಿಳಿ ಪಟ್ಟಿಗಳನ್ನು, ಒತ್ತುತ್ತಿದ್ದಳು. ಕೈ ತಿದಿಗೆ ಎಟುಕುವಷ್ಟು ಬೆಳೆದ ಮೇಲೆ ಎರಡನ್ನೂ ತಾನೇ ಮಾಡತೊಡಗಿದಳು. ಎಡಗೈ ತಿದಿಗೆ, ಬಲಗೈ ಮನೆಗಳಿಗೆ. ಇದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೋ ಇದೆ ಎಂದು ಆಗ ನನಗೆ ಅನಿಸಿರಲಿಲ್ಲ.

ಆಮೇಲೆ ಗಲ್ಫಿನಿಂದ ಅವಳ ಸೋದರಮಾವ ಒಂದು ಕೀಬೋರ್ಡ್ ತಂದುಕೊಟ್ಟ. ಅರವತ್ತೊಂದು ಮನೆಗಳು, ನೂರಾರು ಬಗೆಯ ಸ್ವರ, ಒಂದು ಗುಂಡಿ ಒತ್ತಿದರೆ ತಬಲಾ, ಇನ್ನೊಂದು ಒತ್ತಿದರೆ ಡ್ರಮ್. ಎಡಗೈಯ ಮೂರು ಬೆರಳನ್ನು ಒಂದು ಕಡೆ ಊರಿ ಹಿಡಿದರೆ ಸಾಕು, ಯಂತ್ರವೇ ಹಿಮ್ಮೇಳವನ್ನು ನುಡಿಸಿಕೊಂಡು ಹೋಗುತ್ತದೆ. ಬೇಳದ ಇಗರ್ಜಿಯ ಕ್ರಿಸ್ಮಸ್ ಹಾಡುಗಳಿಗೆ ಗೆಳತಿಯ ಜೊತೆ ಹೋಗಿ ನುಡಿಸಿ ಬಂದಳು. ಗಣೇಶೋತ್ಸವಕ್ಕೂ ನುಡಿಸಿದಳು. ಎಂಟನೆಯ ತರಗತಿಯಿಂದ ಪ್ರತಿ ಭಾನುವಾರ ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಕುಂಬಳೆಯಿಂದ ಮಂಗಳೂರಿಗೆ ರೈಲು, ಅಲ್ಲೊಬ್ಬರು ಟೀಚರ ಬಳಿ ಪಾಠ. ಲಂಡನ್ನಿನ ಟ್ರಿನಿಟಿ ಕಾಲೇಜಿನವರು ನಡೆಸುವ ಗ್ರೇಡ್ ಪರೀಕ್ಷೆಗಳು ಎಂಟಿವೆ. ಅದರಲ್ಲಿ ಆರು ಮುಗಿಸಿದಳು. ಗೋಡೆಯ ಮೇಲೆ ಆರು ಸರ್ಟಿಫಿಕೇಟುಗಳು ಸಾಲಾಗಿ ನಿಂತವು. ಇನ್ನೇನು ಬೇಕು ಎಂದುಕೊಂಡೆ.

ಮೊದಲ ಕಾಲೇಜಿಗೆ ಫೋನು ಮಾಡಿದಾಗಲೇ ಗಾಳಿ ಇಳಿಯಿತು. ಸರ್ಟಿಫಿಕೇಟಿನ ಪ್ರತಿ ಕಳುಹಿಸಿದ ಐದು ನಿಮಿಷಕ್ಕೆ ಅಲ್ಲಿನ ಗುಮಾಸ್ತೆ ತಿರುಗಿ ಕರೆ ಮಾಡಿ, "ಸರ್, ಇದು ಎಲೆಕ್ಟ್ರಾನಿಕ್ ಕೀಬೋರ್ಡಿನದು. ನಾವು ಕೇಳುವುದು ಪಿಯಾನೊದ್ದು" ಎಂದಳು. ಎರಡಕ್ಕೂ ಬೇರೆ ಬೇರೆ ಪಠ್ಯ, ಬೇರೆ ಬೇರೆ ಪರೀಕ್ಷೆ. ನನ್ನ ಕಣ್ಣಿಗೆ ಎರಡರಲ್ಲೂ ಇದ್ದದ್ದು ಕಪ್ಪು ಬಿಳುಪು ಪಟ್ಟಿಗಳೇ. ಪದವಿಯ ಹೆಸರಿನಲ್ಲಿ 'ಪಿಯಾನೊ ಮತ್ತು ಕೀಬೋರ್ಡ್ ವಾದ್ಯಗಳು' ಎಂದು ಬರೆದಿರುತ್ತಾರಲ್ಲ, ಅಲ್ಲಿ ಕೀಬೋರ್ಡ್ ಎಂದರೆ ನಮ್ಮ ಗಣೇಶೋತ್ಸವದ ಕೀಬೋರ್ಡ್ ಅಲ್ಲ. ಪಿಯಾನೊ, ಅದಕ್ಕಿಂತ ಹಳೆಯ ಹಾರ್ಪ್ಸಿಕಾರ್ಡ್, ದೊಡ್ಡ ಇಗರ್ಜಿಗಳಲ್ಲಿರುವ ಪೈಪ್ ಆರ್ಗನ್, ಹೀಗೆ ಮನೆ ಒತ್ತಿ ನುಡಿಸುವ ವಾದ್ಯಗಳ ಒಂದು ಕುಲವೇ ಇದೆ, ಆ ಕುಲದ ಹೆಸರು ಅದು. ಅಪ್ಪನ ಹಾರ್ಮೋನಿಯಂ ಕೂಡ ದೂರದಿಂದ ಅದೇ ಕುಲದ್ದು. ಇಷ್ಟು ತಿಳಿಯಲು ನನಗೆ ಒಂದು ಅರ್ಜಿ ಶುಲ್ಕ ಖರ್ಚಾಯಿತು.

ಆ ಹೊತ್ತಿಗೆ ಮಗಳು ನಿಜವಾದ ಪಿಯಾನೊವನ್ನು ಮುಟ್ಟಿದ್ದು ನಾಲ್ಕೋ ಐದೋ ಸಲ. ಮಂಗಳೂರಿನ ಟೀಚರ ಮನೆಯ ಮೂಲೆಯಲ್ಲಿ ಒಂದು ಹಳೆಯದಿತ್ತು. ಪಾಠ ನಡೆಯುತ್ತಿದ್ದುದು ಕೀಬೋರ್ಡಿನಲ್ಲೇ. ಪಿಯಾನೊದ ಮುಚ್ಚಳದ ಮೇಲೆ ಮಕ್ಕಳ ಪುಸ್ತಕದ ಚೀಲಗಳಿರುತ್ತಿದ್ದವು.

ಬೇರೆ ದಾರಿ ಕಾಣದೆ ನಾನು ಓದಲು ಕೂತೆ. ಪಿಯಾನೊ ಹುಟ್ಟಿದ್ದು 1700ರ ಆಸುಪಾಸಿನಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ವಾದ್ಯ ಕುಶಲಿ ಅಲ್ಲಿನ ಅರಮನೆಯ ಹಾರ್ಪ್ಸಿಕಾರ್ಡ್‌ಗಳನ್ನು ನೋಡಿಕೊಳ್ಳುತ್ತಿದ್ದ. ಹಾರ್ಪ್ಸಿಕಾರ್ಡ್‌ನಲ್ಲಿ ಮನೆ ಒತ್ತಿದರೆ ಒಂದು ಕೊಕ್ಕೆ ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಕೊಕ್ಕೆಯ ಜಾಗದಲ್ಲಿ ಸಣ್ಣ ಸುತ್ತಿಗೆ ಇಟ್ಟ. ಸುತ್ತಿಗೆ ತಂತಿಗೆ ಹೊಡೆದು ತಕ್ಷಣ ಹಿಂದೆ ಬೀಳುವಂತೆ ಮಾಡಿದ. ಈಗ ಬೆರಳು ಎಷ್ಟು ವೇಗವಾಗಿ ಇಳಿಯುತ್ತದೋ ಸದ್ದು ಅಷ್ಟು ಜೋರು. ವಾದ್ಯದ ಮೂಲ ಹೆಸರಿನಲ್ಲೇ 'ಪಿಯಾನೊ', 'ಫೋರ್ಟೆ' ಎರಡೂ ಇದ್ದವು. ಮೆದು ಮತ್ತು ಗಟ್ಟಿ ಎಂದು ಅರ್ಥ. ಕಾಲ ಕಳೆದ ಹಾಗೆ ಗಟ್ಟಿ ಬಿದ್ದುಹೋಗಿ ಮೆದು ಮಾತ್ರ ಉಳಿಯಿತು.

ಹಾರ್ಮೋನಿಯಂನಲ್ಲಿ ಬೆರಳಿಗೆ ಈ ಜವಾಬ್ದಾರಿ ಇಲ್ಲ. ಸದ್ದು ಏರಬೇಕಾದರೆ ತಿದಿಯನ್ನು ಜೋರಾಗಿ ಒತ್ತಬೇಕು. ಮನೆ ಹಿಡಿದಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ, ಹಿಡಿದುಕೊಂಡು ಕೂತರೂ ಅದನ್ನು ಮತ್ತೆ ಏರಿಸಲಾಗುವುದಿಲ್ಲ. ಒಂದು ಸಾಲು ಹಾಡಿದ ಹಾಗೆ ಕೇಳಬೇಕಾದರೆ ಒಂದು ಸ್ವರ ಸಾಯುವ ಹದದಲ್ಲಿ ಇನ್ನೊಂದನ್ನು ಅದೇ ತೂಕಕ್ಕೆ ಹುಟ್ಟಿಸಬೇಕು. ಎಂಬತ್ತೆಂಟು ಮನೆಗಳು, ಐವತ್ತೆರಡು ಬಿಳಿ, ಮೂವತ್ತಾರು ಕಪ್ಪು, ಒಳಗೆ ಇನ್ನೂರಕ್ಕೂ ಹೆಚ್ಚು ತಂತಿ. ಇಷ್ಟು ದೊಡ್ಡ ವಾದ್ಯದಲ್ಲಿ ಎಲ್ಲವೂ ಬೆರಳ ತುದಿಯ ಸೆಂಟಿಮೀಟರಿನಷ್ಟು ಇಳಿತದಲ್ಲಿ ತೀರ್ಮಾನವಾಗುತ್ತದೆ.

ಕಾಲೇಜು ಹುಡುಕುವಾಗ ಕಾಸರಗೋಡಿನವರಿಗೆ ಎಂದಿನ ಒಂದು ತಲೆನೋವು ಇದ್ದೇ ಇದೆ. ಯಾವ ಕಡೆಗೆ ಮುಖ ಮಾಡಬೇಕು? 1956ರಲ್ಲಿ ರಾಜ್ಯಗಳ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗಿನಿಂದ ನಾವು ಓದುವುದು ಕನ್ನಡದಲ್ಲಿ, ಅರ್ಜಿ ಹಾಕುವುದು ತಿರುವನಂತಪುರಕ್ಕೆ, ಆಸ್ಪತ್ರೆಗೂ ಮದುವೆ ಜವಳಿಗೂ ಹೋಗುವುದು ಮಂಗಳೂರಿಗೆ. ಕೇರಳದಲ್ಲಿ ಸರ್ಕಾರದ ಸಂಗೀತ ಕಾಲೇಜುಗಳಿಗೆ ಒಳ್ಳೆಯ ಹೆಸರಿದೆ. ತಿರುವನಂತಪುರದ ಸ್ವಾತಿ ತಿರುನಾಳ್ ಕಾಲೇಜು 1939ರಷ್ಟು ಹಳೆಯದು. ಪಾಲಕ್ಕಾಡಿನಲ್ಲಿ ಗಾಯಕ ಚೆಂಬೈ ಅವರ ಹೆಸರಿನದಿದೆ, ತೃಪ್ಪೂಣಿತ್ತುರದಲ್ಲಿ ಆರ್.ಎಲ್.ವಿ. ಇದೆ. ಹಾಡುಗಾರಿಕೆ, ವೀಣೆ, ವಯಲಿನ್, ಮೃದಂಗ ಕಲಿಯುವವರಿಗೆ ಇವು ದೇವಸ್ಥಾನಗಳ ಹಾಗೆ. ಮಗಳು ವೀಣೆಗೆ ಮನಸ್ಸು ಮಾಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಕರ್ನಾಟಕದ ಕಡೆ ಹೋದರೆ ಗಡಿನಾಡ ಕನ್ನಡಿಗರೆಂದು ತೋರಿಸುವ ಕಾಗದಗಳ ಕಟ್ಟು ಬೇಕು. ಅದು ನಮಗೆ ಅಭ್ಯಾಸವಾಗಿದೆ, ಬೈಯುತ್ತಲೇ ಮಾಡಿಸಿಕೊಳ್ಳುತ್ತೇವೆ.

ಪಟ್ಟಿ ಮಾಡಿದೆ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಸ್ಥಾಪಿಸಿದ ಕೆ.ಎಂ. ಸಂಗೀತ ಕಾಲೇಜು ಇದೆ, ಅದಕ್ಕೂ ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯಕ್ಕೂ ಒಡನಾಟವಿದೆ. ಶಿಲ್ಲಾಂಗ್, ನಾಗಾಲ್ಯಾಂಡ್‌ಗಳ ಕಡೆ ಪಾಶ್ಚಾತ್ಯ ಸಂಗೀತದಲ್ಲೇ ಪದವಿ ಕೊಡುವ ಕಾಲೇಜುಗಳಿವೆ. ಗೋವಾದ ಕಲಾ ಅಕಾಡೆಮಿಯ ಪಾಶ್ಚಾತ್ಯ ಸಂಗೀತ ವಿಭಾಗ, 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್, 1915ರ ಕಲ್ಕತ್ತಾ ಸ್ಕೂಲ್ ಆಫ್ ಮ್ಯೂಸಿಕ್ ಎಲ್ಲವನ್ನೂ ಬರೆದುಕೊಂಡೆ. ಆಮೇಲೆ ಒಂದೊಂದರ ಎದುರೂ ಪದವಿಯೇ, ಡಿಪ್ಲೊಮಾವೇ, ಸರ್ಟಿಫಿಕೇಟೇ ಎಂದು ಬರೆಯುತ್ತ ಹೋದೆ. ಬ್ಯಾಂಕಿನವನ ಬುದ್ಧಿ, ಕಾಗದದ ಬೆಲೆ ಮೊದಲು ನೋಡುತ್ತದೆ. ನಾಳೆ ಯಾವುದೋ ಸರ್ಕಾರಿ ಅರ್ಜಿಯಲ್ಲಿ 'ಪದವಿ ಇದೆಯೇ' ಎಂಬ ಚೌಕದ ಮುಂದೆ ಮಗಳು ನಿಲ್ಲಬಾರದಲ್ಲ. ಟ್ರಿನಿಟಿಯ ಎಲ್.ಟಿ.ಸಿ.ಎಲ್. ಡಿಪ್ಲೊಮಾವನ್ನು ಬ್ರಿಟನ್ನಿನಲ್ಲಿ ಪದವಿಯ ಕೊನೆಯ ವರ್ಷದ ಮಟ್ಟದ್ದೆಂದು ಗಣಿಸುತ್ತಾರೆ. ಅಷ್ಟರಿಂದ ಇಲ್ಲಿನ ಗುಮಾಸ್ತರು ಒಪ್ಪಬೇಕೆಂದೇನೂ ಇಲ್ಲ. ವಿದೇಶಿ ವಿಶ್ವವಿದ್ಯಾಲಯದ ಪದವಿಯಾದರೆ ಅದು ಇಲ್ಲಿನ ಪದವಿಗೆ ಸಮ ಎನ್ನುವ ತತ್ಸಮಾನ ಪತ್ರ ತರಬೇಕಾಗುತ್ತದೆ. ಇಲ್ಲಿಯದೇ ಆದರೆ ಆ ವಿಶ್ವವಿದ್ಯಾಲಯ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿದೆಯೇ ಎಂದು ಕಾಲೇಜಿನವರ ಮಾತು ನಂಬದೆ ನಾವೇ ನೋಡಿಕೊಳ್ಳಬೇಕು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಕಷ್ಟದ ಕೆಲಸ ಆಮೇಲೆ ಬರುತ್ತದೆ.

ಊರಿನಲ್ಲಿ ಎಲ್ಲರೂ ಒಂದೊಂದು ಮಾತು ಹೇಳಿದರು. 2019ರಲ್ಲಿ ಚೆನ್ನೈಯ ಹುಡುಗ ಲಿಡಿಯನ್ ನಾದಸ್ವರಂ ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ ಹತ್ತು ಲಕ್ಷ ಡಾಲರ್ ಗೆದ್ದ ವಿಡಿಯೊವನ್ನು ನನಗೆ ಕನಿಷ್ಠ ಆರು ಮಂದಿ ಕಳುಹಿಸಿದ್ದಾರೆ. "ಇವಳೂ ಇಷ್ಟು ಜೋರಾಗಿ ನುಡಿಸುತ್ತಾಳೆಯೇ?" ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಇನ್ನು ಕೆಲವರಿಗೆ ಇದು ನಮ್ಮ ಸಂಗೀತವಲ್ಲ ಎಂಬ ಬೇಸರ. ಅವರಿಗೆ ನಾನು ಮೈಸೂರಿನ ಜಯಚಾಮರಾಜ ಒಡೆಯರ ಕಥೆ ಹೇಳುತ್ತಿದ್ದೆ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅವರು ಪಿಯಾನೊ ನುಡಿಸುತ್ತಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆಗಿದ್ದರು. ನಿಕೊಲಾಯ್ ಮೆಡ್ನರ್ ಎಂಬ ರಷ್ಯದ ಸಂಗೀತಗಾರ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ ಅವನ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟದ್ದು ಈ ಕನ್ನಡದ ದೊರೆ. ಮೆಡ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಈ ಕಥೆ ಮುಗಿದಾಗ ಕೇಳುಗರು ಸಾಮಾನ್ಯವಾಗಿ, "ಅವರಿಗೇನು, ಅರಮನೆ ಇತ್ತು" ಎನ್ನುತ್ತಿದ್ದರು. ಅದೂ ನಿಜವೇ.

ನಾವು ಮೊದಲು ನೋಡಲು ಹೋದ ಕಾಲೇಜಿನ ಹೆಸರು ಬೇಡ. ಗಾಜಿನ ಕಟ್ಟಡ, ಬಾಗಿಲಲ್ಲೇ ದೊಡ್ಡ ಕಪ್ಪು ಗ್ರ್ಯಾಂಡ್ ಪಿಯಾನೊ. ನಮ್ಮನ್ನು ಕರೆದುಕೊಂಡು ಹೋದ ಯುವಕ ರೆಕಾರ್ಡಿಂಗ್ ಕೋಣೆ, ಕ್ಯಾಂಟೀನು, ಹಳೆಯ ವಿದ್ಯಾರ್ಥಿಗಳ ಫೋಟೊ ಎಲ್ಲವನ್ನೂ ತೋರಿಸಿದ. "ಎಷ್ಟು ಪಿಯಾನೊ ಇವೆ?" ಎಂದು ಕೇಳಿದೆ. "ಹನ್ನೆರಡು" ಎಂದ. ಮಗಳು ಒಂದೊಂದೇ ಕೋಣೆಗೆ ಹೋಗಿ ಬಂದು ನನ್ನ ಕಿವಿಯಲ್ಲಿ, "ಅಪ್ಪಾ, ಒಂಬತ್ತು ಕರೆಂಟಿನವು" ಎಂದಳು. ಉಳಿದ ಮೂರರಲ್ಲಿ ಒಂದು ಬಾಗಿಲಲ್ಲಿದ್ದದ್ದು, ಅದಕ್ಕೆ ಬೀಗ. ಇನ್ನೊಂದರ ಮೇಲೆ ಪ್ಲಾಸ್ಟಿಕ್ ಹೂಗಳ ಹೂದಾನಿ, ಎರಡು ಮನೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಶ್ರುತಿ ಮಾಡುವವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಯುವಕ ನಕ್ಕು, "ಬೇಕಾದಾಗ ಕರೆಸುತ್ತೇವೆ ಸರ್" ಎಂದ.

ಈ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳಿದ್ದಲ್ಲ. ಮರದ ಸ್ವಭಾವ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಯಾವ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ, ಅಜ್ಜನ ಹಾರ್ಮೋನಿಯಂನ ಎರಡು ಮನೆಗಳು ಪ್ರತಿ ಮಳೆಗಾಲ ಅಂಟಿಕೊಳ್ಳುತ್ತವೆ. ಪಿಯಾನೊದ ಒಳಗಿನ ನಾದಫಲಕ ಸ್ಪ್ರೂಸ್ ಎಂಬ ಹಗುರ ಮರದ್ದು. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ಉಬ್ಬಿ ತಂತಿಗಳನ್ನು ಬಿಗಿಸುತ್ತದೆ, ಶ್ರುತಿ ಏರುತ್ತದೆ. ಒಣಗಿದರೆ ಇಳಿಯುತ್ತದೆ. ಅದಕ್ಕೆ ಹಿತವಾದ ಆರ್ದ್ರತೆ ಶೇಕಡಾ 40ರಿಂದ 50. ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳಲ್ಲಿ ಅದು ಎಲ್ಲಿರುತ್ತದೆಂದು ಒಗೆದ ಬಟ್ಟೆಯನ್ನು ಕೇಳಿದರೆ ಸಾಕು. ಸಮುದ್ರದ ಹತ್ತಿರದ ಯಾವ ಊರಿನ ಕಾಲೇಜಾದರೂ ವರ್ಷಕ್ಕೆ ಎರಡು ಸಲವಾದರೂ ಶ್ರುತಿ ಮಾಡಿಸದಿದ್ದರೆ ಅಲ್ಲಿನ ಮಕ್ಕಳು ಮೂರು ವರ್ಷ ತಪ್ಪು ಸ್ವರಕ್ಕೆ ಕಿವಿ ಒಗ್ಗಿಸಿಕೊಂಡು ಹೊರಬರುತ್ತಾರೆ.

ಕರೆಂಟಿನ ಪಿಯಾನೊಗಳನ್ನು ಹೀಗಳೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಮನೆಗೆ ನಾವು ಕೊನೆಗೆ ತಂದದ್ದೂ ಅಂಥದ್ದನ್ನೇ, ನಿಜವಾದ ಪಿಯಾನೊದ ಹಾಗೆ ಭಾರವಾದ ಎಂಬತ್ತೆಂಟು ಮನೆಗಳಿರುವ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪಿಯಾನೊ. ತೇವಕ್ಕೆ ಶ್ರುತಿ ಕೆಡುವುದಿಲ್ಲ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು. ಒಂದೇ ಕೊರತೆ, ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಅದು ಮೇಜಾಗುತ್ತದೆ. ಆಗ ಮಗಳು ಅದರ ಮೇಲೆ ಸದ್ದಿಲ್ಲದೆ ನುಡಿಸುತ್ತಿದ್ದಳು. ಅಜ್ಜ ಪಕ್ಕದಲ್ಲಿ ಕುಳಿತು ಎಲೆ ಅಡಿಕೆ ಜಗಿಯುತ್ತ, ಕೇಳುತ್ತಿರುವವರ ಹಾಗೆ ತಲೆದೂಗುತ್ತಿದ್ದರು.

ಗ್ರ್ಯಾಂಡ್ ಪಿಯಾನೊ ಯಾಕೆ ಬೇಕು, ಗೋಡೆಗೆ ತಾಗಿ ನಿಲ್ಲುವ ಅಪ್‌ರೈಟ್ ಯಾಕೆ ಸಾಲದು ಎನ್ನುವುದು ನನಗೆ ಬಹಳ ದಿನ ಆಡಂಬರದ ಮಾತಾಗಿ ಕಂಡಿತ್ತು. ಅದಕ್ಕೂ ಕಾರಣ ಇದೆ. ಗ್ರ್ಯಾಂಡಿನಲ್ಲಿ ತಂತಿಗಳು ಮಲಗಿರುತ್ತವೆ, ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಅಪ್‌ರೈಟಿನಲ್ಲಿ ತಂತಿಗಳು ನಿಂತಿರುತ್ತವೆ, ಸುತ್ತಿಗೆಯನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ಬೇಕು. ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಒಂದು ಕೀಲು ಗ್ರ್ಯಾಂಡಿನಲ್ಲಿದೆ. ಮನೆ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯಲು ಅದು ಬಿಡುತ್ತದೆ. ಒಂದೇ ಸ್ವರವನ್ನು ಗಡಗಡ ನುಡಿಸುವ ಜಾಗದಲ್ಲಿ ಅಪ್‌ರೈಟಿನ ಮೇಲೆ ಕಲಿತ ಬೆರಳು ಮುಗ್ಗರಿಸುವುದು ಇದಕ್ಕೇ. ಆದ್ದರಿಂದ ಕಾಲೇಜಿನವರನ್ನು ಎಷ್ಟು ಪಿಯಾನೊ ಎಂದು ಕೇಳಿದರೆ ಸಾಲದು. ಎಷ್ಟು ಗ್ರ್ಯಾಂಡ್, ಮೊದಲ ವರ್ಷದ ಮಗುವಿಗೆ ವಾರಕ್ಕೆ ಎಷ್ಟು ಗಂಟೆ ಅದು ಸಿಗುತ್ತದೆ ಎಂದು ಕೇಳಬೇಕು. ಹೆಣ್ಣುಮಕ್ಕಳ ತಂದೆತಾಯಿಯರು ಇನ್ನೂ ಒಂದನ್ನು ಕೇಳಬೇಕು. ಅಭ್ಯಾಸದ ಕೋಣೆ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ ಎಂದು ಕಾಲೇಜು ಹೇಳುತ್ತದೆ, ಹಾಸ್ಟೆಲಿನ ಗೇಟು ಏಳಕ್ಕೆ ಮುಚ್ಚುತ್ತದೆ. ಆ ಎರಡು ಗಂಟೆ ಗಂಡುಮಕ್ಕಳದು. ಇದನ್ನು ನಮ್ಮಲ್ಲಿ ಮೊದಲು ಗಮನಿಸಿದವಳು ನನ್ನ ಹೆಂಡತಿ.

ಅದೇ ಗಾಜಿನ ಕಟ್ಟಡದವರು ಎರಡನೆಯ ದಿನವೇ ಸೀಟು ಕೊಟ್ಟರು. ಮಗಳು ಕಳುಹಿಸಿದ್ದ ಮೂರು ನಿಮಿಷದ ವಿಡಿಯೊ ನೋಡಿಯೇ ನೇರವಾಗಿ ಪದವಿಗೆ. ಶುಲ್ಕದ ಮೊದಲ ಕಂತು ಶುಕ್ರವಾರದೊಳಗೆ ಕಟ್ಟಬೇಕು ಎಂದರು. ಸಾಲ ಕೊಡುವ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂತವನು ನಾನು. ಇಷ್ಟು ಬೇಗ ಒಪ್ಪುವವರನ್ನು ಕಂಡರೆ ನನಗೆ ಹೆದರಿಕೆ. ಆದರೂ ಆಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಗುರುವಾರ ರಾತ್ರಿಯವರೆಗೂ ಕಟ್ಟುವ ಮನಸ್ಸೇ ಇತ್ತು. ಮಗಳೇ, "ಚೆನ್ನೈಯದು ಒಂದನ್ನು ನೋಡಿ ಬರೋಣ ಅಪ್ಪಾ, ಆಮೇಲೆ ಬೇಕಾದರೆ ಇಲ್ಲಿಗೇ" ಎಂದಳು.

ಮಧ್ಯಾಹ್ನ ಕಾಸರಗೋಡಿನಲ್ಲಿ ಚೆನ್ನೈ ಮೇಲ್ ರೈಲು ಹತ್ತಿದರೆ ಶೋರನೂರು, ಪಾಲಕ್ಕಾಡು ದಾಟಿ ಬೆಳಗಾಗುವಾಗ ಚೆನ್ನೈ. ಬುತ್ತಿಯಲ್ಲಿ ಪುಳಿಯೋಗರೆ. ಮಗಳು ಮಡಿಲ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಎದುರಿನ ಸೀಟಿನ ಮಲಯಾಳಿ ಅಮ್ಮ ಅವಳಿಗೆ ಏನೋ ಚಳಿಜ್ವರವೆಂದು ತಿಳಿದು ಹೊದಿಕೆ ಕೊಡಲು ಬಂದರು. ಸಣ್ಣ ಕಾಲೇಜು, ಪಟ್ಟಿಯ ಕೊನೆಯಲ್ಲಿದ್ದದ್ದು. ಬಾಗಿಲಲ್ಲಿ ಪಿಯಾನೊ ಇರಲಿಲ್ಲ, ಚಪ್ಪಲಿಗಳ ರಾಶಿ ಇತ್ತು. ಆಡಿಶನ್‌ಗೆ ಬಾಖ್‌ನ ಒಂದು ರಚನೆ, ಮೊಜಾರ್ಟ್, ಹೈಡನ್, ಬೇತೊವೆನ್ ಇವರಲ್ಲಿ ಒಬ್ಬರ ಸೊನಾಟಾದ ಒಂದು ಭಾಗ, ಆಮೇಲಿನ ಕಾಲದ ಒಂದು ರಚನೆ, ಸ್ಕೇಲುಗಳು, ಕಂಡ ಕೂಡಲೇ ಓದಿ ನುಡಿಸುವ ಒಂದು ಪುಟ ಎಂದು ಮೊದಲೇ ತಿಳಿಸಿದ್ದರು. ಆರು ತಿಂಗಳಿನಿಂದ ಅವಳು ಅದನ್ನೇ ಅಭ್ಯಾಸ ಮಾಡಿದ್ದಳು.

ನನ್ನನ್ನೂ ಒಳಗೆ ಕೂರಲು ಬಿಟ್ಟರು. ಸುಮಾರು ಅರವತ್ತು ದಾಟಿದ ಒಬ್ಬ ಮೇಡಂ, ಹತ್ತಿಯ ಸೀರೆ, ಮೂಗಿನ ತುದಿಗೆ ಕನ್ನಡಕ. ಬಾಖ್ ಅರ್ಧ ಮುಗಿಯುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು. ಮುಗಿಯಿತು ಎಂದುಕೊಂಡೆ. "ಅದೇ ಸಾಲನ್ನು ಎಡಗೈಯಲ್ಲಿ ಮಾತ್ರ ನುಡಿಸು" ಎಂದರು. ನುಡಿಸಿದಳು. ತಪ್ಪು ಸ್ವರ ಒಂದೂ ಬರಲಿಲ್ಲ, ಆದರೆ ನನ್ನಂಥವನಿಗೂ ಕೇಳಿಸಿತು, ಅದು ಹಾಡಾಗಿರಲಿಲ್ಲ. ಪಾಠ ಒಪ್ಪಿಸುವ ಮಗುವಿನ ಧ್ವನಿ. "ಈಗ ಬಲಗೈಯ ಸಾಲನ್ನು ಬಾಯಲ್ಲಿ ಹಾಡುತ್ತ ಎಡಗೈಯನ್ನು ನುಡಿಸು." ಎರಡನೆಯ ಗೆರೆಯಲ್ಲಿ ನಿಂತುಹೋಯಿತು.

"ನೀನು ಮೊದಲು ಕೂತದ್ದು ಯಾವ ವಾದ್ಯದ ಮುಂದೆ?"

"ಹಾರ್ಮೋನಿಯಂ, ಮೇಡಂ. ಅಜ್ಜನದು."

ಮೇಡಂ ಕನ್ನಡಕ ತೆಗೆದು ನಕ್ಕರು. ಆಮೇಲೆ ಅವರು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತಮಿಳಿನಲ್ಲಿ ಹೇಳಿದ್ದು ಇಡೀ ವರ್ಷದಲ್ಲಿ ನಾನು ಕೇಳಿದ ಅತ್ಯಂತ ಉಪಯೋಗದ ಮಾತು. ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದಾಗ ಅದನ್ನು ಕುರ್ಚಿಯ ಮೇಲೆ ಕೂತು ನುಡಿಸುತ್ತಿದ್ದರು, ತಿದಿ ಒತ್ತುತ್ತಿದ್ದದ್ದು ಕಾಲಿನಿಂದ. ಎರಡೂ ಕೈ ಮನೆಗಳ ಮೇಲೆ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂರುವ ನಮ್ಮವರಿಗಾಗಿ ಸಣ್ಣದು ಮಾಡಿ ತಿದಿಯನ್ನು ಹಿಂದಕ್ಕೆ, ಕೈಗೆ ಕೊಟ್ಟರು. ನಮ್ಮ ಸಂಗೀತಕ್ಕೆ ಒಂದು ಸಾಲು ಸಾಕು, ಒಂದು ಕೈ ಸಾಕು. ಅದರಲ್ಲಿ ತಪ್ಪೇನೂ ಇಲ್ಲ. "ಆದರೆ ನಿನ್ನ ಎಡಗೈ ವರ್ಷಗಟ್ಟಲೆ ಗಾಳಿ ಹಾಕಿದೆ. ಆಮೇಲೆ ಕೀಬೋರ್ಡಿನಲ್ಲಿ ಯಂತ್ರಕ್ಕೆ ಸನ್ನೆ ಮಾಡಿದೆ. ಅದಕ್ಕೆ ಹಾಡಲು ಯಾರೂ ಹೇಳಿಕೊಟ್ಟಿಲ್ಲ. ಬಾಖ್‌ನಲ್ಲಿ ಎಡಗೈ ಹಿಮ್ಮೇಳವಲ್ಲ, ಇನ್ನೊಬ್ಬ ಹಾಡುಗಾರ."

ಹಿಮ್ಮೇಳ ಎಂಬ ಮಾತು ನನ್ನದು, ಅವರು ಬೇರೇನೋ ಹೇಳಿದರು. ಆದರೆ ಯಕ್ಷಗಾನ ನೋಡಿದವನ ತಲೆಗೆ ಅದು ಹಾಗೆಯೇ ಹೊಕ್ಕಿತು. ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಒಬ್ಬರ ಮಾತನ್ನು ಒಬ್ಬರು ಎತ್ತಿಕೊಳ್ಳುವ ತಾಳಮದ್ದಳೆ ನೆನಪಾಯಿತು. ನಮ್ಮ ಮಗಳ ಪಿಯಾನೊದಲ್ಲಿ ಒಬ್ಬರೇ ಮಾತಾಡುತ್ತಿದ್ದರು, ಇನ್ನೊಬ್ಬರು ಹೂಂಗುಟ್ಟುತ್ತಿದ್ದರು.

ಅವರು ನೇರವಾಗಿ ಪದವಿಗೆ ಸೀಟು ಕೊಡಲಿಲ್ಲ. ಒಂದು ವರ್ಷದ ಫೌಂಡೇಶನ್, ಅದರ ಕೊನೆಯಲ್ಲಿ ಇನ್ನೊಂದು ಆಡಿಶನ್, ಪಾಸಾದರೆ ಪದವಿ. ವಾರಕ್ಕೆ ಒಂದು ಗಂಟೆ ಒಬ್ಬರಿಗೊಬ್ಬರು ಪಾಠ. ಅದನ್ನು ಯಾರು ಮಾಡುತ್ತಾರೆ ಎಂದು ಕೇಳಿದೆ. "ನಾನೇ" ಎಂದರು. ಇರುವುದು ಎರಡು ಗ್ರ್ಯಾಂಡ್, ಐದು ಅಪ್‌ರೈಟ್. ಶ್ರುತಿ ಮಾಡುವವರು ಯಾವಾಗ ಬರುತ್ತಾರೆ ಎಂದಾಗ ಗೋಡೆಯ ಕ್ಯಾಲೆಂಡರ್ ತೋರಿಸಿದರು. ನಾಲ್ಕು ತಾರೀಖುಗಳಿಗೆ ಕೆಂಪು ಸುತ್ತು, ಅದರಲ್ಲೊಂದು ಹಿಂದಿನ ವಾರದ್ದು. ಮಗಳು ಹೊರಗೆ ಬಂದು ಒಂದೇ ಮಾತು ಹೇಳಿದಳು: "ಅಪ್ಪಾ, ಅವರಿಗೆ ಕೇಳಿಸಿತು."

ರೈಲಿನಲ್ಲಿ ಲೆಕ್ಕ ಹಾಕಿದೆ. ಅಲ್ಲಿ ಮೂರು ವರ್ಷ, ಇಲ್ಲಿ ನಾಲ್ಕು. ಒಂದು ವರ್ಷದ ಶುಲ್ಕ, ಹಾಸ್ಟೆಲು, ಊಟ ಹೆಚ್ಚು. ಒಂದು ವರ್ಷ ತಡವಾಗಿ ಸಂಪಾದನೆ, ಅದೂ ಸಂಪಾದನೆ ಎಂಬುದು ಇದ್ದರೆ. ಈ ವಿದ್ಯೆ ಕಲಿತವರು ಶಾಲೆಗಳಲ್ಲಿ ಸಂಗೀತ ಕಲಿಸುತ್ತಾರೆ, ಗಾಯನ ತಂಡಗಳಿಗೆ ನುಡಿಸುತ್ತಾರೆ, ಸ್ಟುಡಿಯೊಗಳಲ್ಲಿ ಕೆಲಸ ಮಾಡುತ್ತಾರೆ, ಮನೆಪಾಠ ಹೇಳುತ್ತಾರೆ. ಚೆನ್ನೈಯ ಅನಿಲ್ ಶ್ರೀನಿವಾಸನ್ ಅವರ ಹಾಗೆ ಕರ್ನಾಟಕ ಸಂಗೀತದ ಗಾಯಕರ ಜೊತೆ ಪಿಯಾನೊ ನುಡಿಸಿ ಹೆಸರಾಗುವವರು ಬೆರಳೆಣಿಕೆಯಷ್ಟು. ಅಡಿಕೆಗೆ ಹಳದಿ ರೋಗ ಬಂದ ತೋಟವನ್ನು ನೋಡಿದವನಿಗೆ ಇದಕ್ಕಿಂತ ಖಾತ್ರಿಯ ಬೆಳೆ ಯಾವುದು ಎಂದು ಹೇಳುವ ಧೈರ್ಯವೂ ಇಲ್ಲ.

ಹೆಂಡತಿ, "ಗಾಜಿನ ಮನೆಯವರು ಇವಳಲ್ಲಿ ಒಂದು ತಪ್ಪನ್ನಾದರೂ ಹೇಳಿದರೇ?" ಎಂದು ಕೇಳಿದಳು. ಇಲ್ಲ ಎಂದೆ. "ಮತ್ತೆ ಮೂರು ವರ್ಷ ಅವರು ಏನು ಕಲಿಸುತ್ತಾರೆ?" ಎಂದಳು. ಶುಕ್ರವಾರ ಕಳೆದುಹೋಗಿತ್ತು. ಅವರ ಮೂರು ಕರೆಗಳು ಬಂದವು, ನಾಲ್ಕನೆಯದಕ್ಕೆ ಬೇಡವೆಂದೆ. ನೆರೆಮನೆಯ ಹಿರಿಯರು ಚಿನ್ನ ಬಿಡಿಸಿಕೊಳ್ಳಲು ಬಂದಾಗ ವಿಷಯ ತಿಳಿದು, "ಒಂದು ವರ್ಷ ಸುಮ್ಮನೆ ಹಾಳಲ್ಲವೇ ಭಟ್ಟರೇ?" ಎಂದರು. ಫೇಲಾದವರು ಏನು ಮಾಡುತ್ತಾರೆ ಎಂಬ ಅವರ ಹಳೆಯ ಪ್ರಶ್ನೆಗೆ ನಾನು ಈ ಸಲ ಉತ್ತರ ಕೊಟ್ಟೆ: ಮೊದಲೇ ಫೇಲು ಮಾಡಿ ಆಮೇಲೆ ಕಲಿಸಲು ತೆಗೆದುಕೊಳ್ಳುವವರೂ ಇದ್ದಾರೆ. ಅವರಿಗೆ ಅರ್ಥವಾಗಲಿಲ್ಲ. ಬಡ್ಡಿಯ ಲೆಕ್ಕಕ್ಕೆ ಬಂದೆವು.

ಮಗಳು ಚೆನ್ನೈಗೆ ಹೋಗಿ ಈಗ ಎರಡು ತಿಂಗಳಾಯಿತು. ಶನಿವಾರ ಮಂದಿರದಿಂದ ಬಂದ ಮೇಲೆ ಅಜ್ಜ ಫೋನಿಗಾಗಿ ಕಾಯುತ್ತಾರೆ. ಕಳೆದ ವಾರ ಅವಳು ಹೇಳಿದ ಸುದ್ದಿ, ಮೇಡಂ ಒಂದು ತಿಂಗಳು ಬಲಗೈಯನ್ನು ಪಾಠದಿಂದ ಹೊರಗಿಟ್ಟಿದ್ದಾರಂತೆ. ಪಾಠಕ್ಕೆ ಕೂತಾಗ ಬಲಗೈ ಮಡಿಲಲ್ಲಿರಬೇಕು, ನುಡಿಸುವುದೆಲ್ಲ ಎಡಗೈ. ಮೊದಲ ವಾರ ಅಳು ಬಂತಂತೆ. ಎರಡನೆಯ ವಾರ ಕಿರುಬೆರಳು ನೋಯಿತಂತೆ. ಈಗ ಒಂದು ಪುಟ ನುಡಿಸುತ್ತೇನೆ, ಕೇಳಿ ಎಂದು ಫೋನನ್ನು ಪಿಯಾನೊದ ಮೇಲಿಟ್ಟಳು. ತಗ್ಗಿನ ಸ್ವರಗಳು, ನಿಧಾನ, ಮಧ್ಯೆ ಒಂದು ಕಡೆ ತಡವರಿಸಿ ಮತ್ತೆ ಎತ್ತಿಕೊಂಡಳು.

ಅಜ್ಜ ಫೋನನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಎಡಗೈ ಅಲ್ಲಿ ನುಡಿಸುತ್ತಿದ್ದರೆ ತಿದಿ ಯಾರು ಒತ್ತುತ್ತಾರೆ?" ಎಂದು ಕೇಳಿದರು.